ನನ್ನ ಹಿಂದಿನ ಡಿಸ್ಕು

ಮೊದಲೇ ಹೇಳಿಬಿಡುತ್ತೇನೆ: ನನ್ನ ಬೆನ್ನು ಚೆನ್ನಾಗಿದೆ. ಬಗ್ಗುತ್ತದೆ, ತಿರುಗುತ್ತದೆ, ಮಲಗಿದರೆ ಏಳುತ್ತದೆ. ಈ ಒಂದು ಮಾತನ್ನು ನಂಬಿಸುವುದಕ್ಕೆ ನಾನು ಪಟ್ಟ ಪಾಡು ಆ ದೇವರಿಗೇ ಪ್ರೀತಿ. ಇವತ್ತಿಗೂ ನಾನು ಗೇಟಿನ ಬಳಿ ಬಗ್ಗಿ ಚಪ್ಪಲಿ ಹಾಕಿಕೊಂಡರೆ ಮೂರು ಮನೆಗಳಿಂದ "ಅಯ್ಯೋ, ಹುಷಾರು!" ಎಂಬ ಕೂಗು ಬರುತ್ತದೆ.

ಇದಕ್ಕೆಲ್ಲ ಕಾರಣ ಒಂದು ಸೈಕಲ್ಲು. ಆ ಸೈಕಲ್ಲಿಗೆ ಕಾರಣ ಒಂದು ಕಿಟಕಿ.

ನಾನು ನೀರು ಸರಬರಾಜು ಕಚೇರಿಯಲ್ಲಿ ದೂರು ಕಿಟಕಿಯ ಗುಮಾಸ್ತ. ಆ ಕಿಟಕಿಯನ್ನು ಯಾವ ಪುಣ್ಯಾತ್ಮ ಕೂರಿಸಿದನೋ, ಅದರ ತೂತು ಹೊರಗಿನವರಿಗೆ ಎದೆಯ ಮಟ್ಟಕ್ಕೆ ಬರುತ್ತದೆ. ಜನ ಬಗ್ಗಿ, ಬಾಯನ್ನು ಮಾತ್ರ ತೂತಿಗೆ ತಂದು ಕೂಗುತ್ತಾರೆ. ಹದಿನಾಲ್ಕು ವರ್ಷದಲ್ಲಿ ನಾನು ಈ ಊರಿನವರ ಮುಖ ನೋಡಿಲ್ಲ, ಬರೀ ಬಾಯಿ ನೋಡಿದ್ದೇನೆ. ಸಿಟ್ಟಿನ ಬಾಯಿ, ವೀಳ್ಯದ ಬಾಯಿ, ಹಲ್ಲುಜ್ಜಲು ನೀರಿಲ್ಲವೆಂದು ಉಜ್ಜದೆಯೇ ಬಂದ ಬಾಯಿ. ಸಾಕಾಗಿತ್ತು. ನಿಜವಾಗಿಯೂ ಸಾಕಾಗಿತ್ತು.

ಹೀಗಿರುವಾಗ ಬೆಟ್ಟದ ಲೈನಿನ ತಪಾಸಣೆಯವರು ನಿವೃತ್ತರಾದರು. ಬೆಟ್ಟದ ಮೇಲಿನ ಟ್ಯಾಂಕಿನಿಂದ ಊರಿಗೆ ಇಳಿಯುವ ದೊಡ್ಡ ಪೈಪು, ಅದರ ಪಕ್ಕದಲ್ಲಿ ಮೂರು ಕಿಲೋಮೀಟರಿನ ಮಣ್ಣುದಾರಿ. ದಿನಾ ಬೆಳಿಗ್ಗೆ ಒಬ್ಬನೇ ಹೋಗಬೇಕು, ಸೋರುತ್ತಿದೆಯೇ ನೋಡಬೇಕು, ಮೇಲಿನ ಮೀಟರಿನ ಲೆಕ್ಕ ಬರೆಯಬೇಕು, ಇಳಿಯಬೇಕು. ಪೈಪು ಮಾತಾಡುವುದಿಲ್ಲ. ಅಷ್ಟು ಸಾಕಿತ್ತು ನನಗೆ. ಅರ್ಜಿ ಹಾಕಿದವರು ಇಬ್ಬರೇ: ನಾನು ಮತ್ತು ಛತ್ರಿ. ಛತ್ರಿ ನಮ್ಮ ಕಚೇರಿಯ ಟಪಾಲು ಗುಮಾಸ್ತ. ಬಿಸಿಲಿರಲಿ ನೆರಳಿರಲಿ ಕೈಯಲ್ಲೊಂದು ಕೊಡೆ ಇರುವುದರಿಂದ ಆ ಹೆಸರು ಬಂತು ಅಂತ ಅವನ ನಂಬಿಕೆ. ನಮ್ಮ ಕಾರಣ ಬೇರೆ.

ಸಾಹೇಬರು ತೀರ್ಪು ಹೇಳಿದರು: "ಜೀಪು ಆ ದಾರಿ ಹತ್ತಲ್ಲ. ಹೋಗೋ ವ್ಯವಸ್ಥೆ ನಿಮ್ಮದೇ. ಮುಂದಿನ ತಿಂಗಳ ಮೊದಲ ಸೋಮವಾರ, ಯಾರು ಮೊದಲು ಟ್ಯಾಂಕ್ ಮುಟ್ಟಿ ಅಲ್ಲಿನ ರಿಜಿಸ್ಟರಲ್ಲಿ ಲೆಕ್ಕ ಬರೀತಾರೋ, ಲೈನು ಅವರಿಗೆ."

ಮನೆಯಲ್ಲಿ ಈ ವಿಷಯ ಹೇಳಲಿಲ್ಲ. ಸಿಕ್ಕಮೇಲೆ ಹೇಳಿದರೆ ಸಂತೋಷ, ಸಿಗದಿದ್ದರೆ ಮಾನವಾದರೂ ಉಳಿಯುತ್ತದೆ ಎಂದು ನನ್ನ ಎಣಿಕೆ. "ವ್ಯಾಯಾಮಕ್ಕೆ" ಅಂತ ಹೇಳಿ ಒಂದು ಅಗ್ಗದ ಬೆಟ್ಟದ ಸೈಕಲ್ಲು ತಂದೆ. ಇಂಥದ್ದಕ್ಕೆ ಹಾರ್ಡ್‌ಟೇಲ್ ಅನ್ನುತ್ತಾರೆ. ಅಂದರೆ ಮುಂದಿನ ಚಕ್ರಕ್ಕೆ ಶಾಕ್ ಅಬ್ಸಾರ್ಬರ್ ಇರುತ್ತದೆ, ಹಿಂದಿನದಕ್ಕೆ ಇರುವುದಿಲ್ಲ. ದಾರಿಯ ಗುಂಡಿಗಳಲ್ಲಿ ಅರ್ಧವನ್ನು ಸೈಕಲ್ಲು ತಿನ್ನುತ್ತದೆ, ಉಳಿದರ್ಧವನ್ನು ಕೂತವನು ತಿನ್ನಬೇಕು.

ಅದನ್ನು ರಿಪೇರಿಯವನ ಹತ್ತಿರ ಒಯ್ದೆ. ಅವನ ಬೋರ್ಡಿನಲ್ಲಿ "ಸೈಕಲ್ ಕ್ಲಿನಿಕ್" ಅಂತ ಇರುವುದರಿಂದ ಸೈಕಲ್ಲಿನವರೆಲ್ಲ ಅವನನ್ನು ಡಾಕ್ಟ್ರು ಅನ್ನುತ್ತಾರೆ. ನನ್ನ ಫೋನಿನಲ್ಲೂ ಹಾಗೇ ಬರೆದುಕೊಂಡಿದ್ದೆ. ಡಾಕ್ಟ್ರು ಸೈಕಲ್ಲನ್ನು ಎತ್ತಿ ಕುಕ್ಕಿ, ಕಿವಿಗೊಟ್ಟು ಕೇಳಿ, ತಲೆಯಾಡಿಸಿದ.

"ಮೈಕಟ್ಟು ಚೆನ್ನಾಗಿದೆ ಸಾರ್. ಅಂಗಾಂಗ ಒಂದೂ ಸರಿ ಇಲ್ಲ."

ಅಲ್ಲಿಂದ ಶುರುವಾಯಿತು. ಪೆಡಲು ಬದಲಾಯಿಸಿದೆ. ಪೆಡಲು ಹೊಸದಾದ ಮೇಲೆ ಟೈರು ಹಳೆಯದಾಗಿ ಕಂಡಿತು. ಟೈರು ಬಂದಮೇಲೆ ಸೀಟು ನಾಚಿಕೆಗೇಡಾಯಿತು. ಹಿಡಿಗೆ ಕೆಂಪು ಗ್ರಿಪ್ಪು ಹಾಕಿಸಿದೆ. ಹಿಂದಿನ ಗೇರಿನ ಹಲ್ಲುಚಕ್ರಗಳ ಗೊಂಚಲಿಗೆ ಕ್ಯಾಸೆಟ್ ಅನ್ನುತ್ತಾರೆ, "ಕ್ಯಾಸೆಟ್ ತರೋಕೆ ಹೋಗ್ತಿದೀನಿ" ಅಂದಾಗ ನನ್ನ ಹೆಂಡತಿ, "ಈಗ ಯಾರ್ರೀ ಕ್ಯಾಸೆಟ್ ಕೇಳ್ತಾರೆ? ಟೇಪ್ ರೆಕಾರ್ಡರ್ ಮಾರಿ ಹತ್ತು ವರ್ಷ ಆಯ್ತು" ಅಂದಳು. ಅಲ್ಲಿಯವರೆಗೂ ಎಲ್ಲ ಚೆನ್ನಾಗಿತ್ತು. ಆಮೇಲೆ ಒಂದು ದಿನ ಚೈನಿನ ಜಿಡ್ಡು ಬಿಡಿಸಲು ಅದನ್ನು ಸೋಪುಪುಡಿ ಹಾಕಿ ಕುಕ್ಕರಿನಲ್ಲಿ ಕೂಗಿಸಿದೆ. ಮೂರನೇ ಕೂಗಿಗೆ ಅವಳು ಮನೆಗೆ ಬಂದಳು.

"ಇನ್ನೊಂದು ಪಾರ್ಟು ಈ ಹೊಸ್ತಿಲು ದಾಟಿದ್ರೆ," ಅಂದಳು, "ಒಂದೋ ಅದು ಇರಬೇಕು, ಇಲ್ಲ ನಾನು."

ನಾನು ಒಪ್ಪಿದೆ. ಬೇರೆ ದಾರಿ ಏನಿತ್ತು?

ಆದರೆ ಹಿಂದಿನ ಬ್ರೇಕಿನ ಡಿಸ್ಕು ಬೆಂಡಾಗಿತ್ತು. ಚಕ್ರದ ನಡುವೆ ಇರುವ ತಿಂಡಿ ತಟ್ಟೆಯಷ್ಟಗಲದ ಉಕ್ಕಿನ ಬಿಲ್ಲೆ ಅದು; ಅದನ್ನು ಹಿಡಿದೇ ಬ್ರೇಕು ಸೈಕಲ್ಲನ್ನು ನಿಲ್ಲಿಸುವುದು. ಮುಂದಿನ ಬ್ರೇಕಂತೂ ಸವೆದು ಕಾಗದವಾಗಿತ್ತು. ಪರೀಕ್ಷೆಗೆ ಇನ್ನು ಎಂಟೇ ದಿನ. ನಾನು ತಾರಸಿಯಲ್ಲಿ ಕೂತು ಆರು ಬೋಲ್ಟು ಬಿಚ್ಚಿ ಹಳೇ ಡಿಸ್ಕು ತೆಗೆದು ಎಸೆದೆ, ಚಕ್ರ ಮತ್ತೆ ಕೂರಿಸಿದೆ, ಹೊಸದನ್ನು ತರಲು ಡಾಕ್ಟ್ರ ಹತ್ತಿರ ಹೋದೆ. ತಂದದ್ದನ್ನು ಮನೆಯೊಳಗೆ ಸಾಗಿಸುವುದು ಹೇಗೆ? ಬೆನ್ನ ಹಿಂದೆ, ಪ್ಯಾಂಟಿನ ಸೊಂಟಪಟ್ಟಿಗೆ ಸಿಕ್ಕಿಸಿ, ಮೇಲೆ ಅಂಗಿ ಇಳಿಬಿಟ್ಟೆ.

ಉಕ್ಕು ತಣ್ಣಗಿತ್ತು, ಅಂಚು ಚೂಪಾಗಿತ್ತು. ಸ್ವಲ್ಪ ಬಗ್ಗಿದರೂ ಎಲ್ಲಿ ಚುಚ್ಚಬಾರದೋ ಅಲ್ಲಿ ಚುಚ್ಚುತ್ತಿತ್ತು. ಹಾಗಾಗಿ ನೆಟ್ಟಗೆ ನಡೆದೆ. ಗೇಟಿನ ಬಳಿ ಪಕ್ಕದ ಮನೆಯ ಕಾಂಪೌಂಡರು ನಿಂತಿದ್ದರು. "ಏನ್ರೀ, ಪೆರೇಡಿಗೆ ಹೊರಟ್ರಾ?" ಅಂದರು. ನಕ್ಕು ಒಳಗೆ ಹೋದೆ.

ಬಾಗಿಲಲ್ಲಿ ಹೆಂಡತಿ.

"ರೀ, ಬೂಟು ಬಿಚ್ಚಿ ಬನ್ನಿ. ಈಗಷ್ಟೇ ಒರೆಸಿದೀನಿ."

"ಆಗಲ್ಲ."

"ಯಾಕಾಗಲ್ಲ?"

"ಬಗ್ಗೋಕಾಗ್ತಿಲ್ಲ."

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಏನದು ಬೆನ್ನಲ್ಲಿ?"

ಸಿಕ್ಕಿಬಿದ್ದೆ ಅಂದುಕೊಂಡೆ. ಸುಳ್ಳು ಹೇಳಿ ಏನು ಪ್ರಯೋಜನ? ತಲೆ ತಗ್ಗಿಸಿ ಒಪ್ಪಿಕೊಂಡೆ: "ಡಿಸ್ಕು."

ಬೈಗುಳ ಬರಲಿಲ್ಲ. ಅವಳ ಕೈಯಲ್ಲಿದ್ದ ಒರೆಸುವ ಬಟ್ಟೆ ಕೆಳಗೆ ಬಿತ್ತು. "ಯಾರು ಹೇಳಿದ್ದು?"

"ಡಾಕ್ಟ್ರು."

"ಡಾಕ್ಟ್ರ ಹತ್ರಾನೂ ಹೋಗಿ ಬಂದ್ರಾ? ನನಗೊಂದು ಮಾತು ಹೇಳದೆ?"

"ಹೇಳಿದ್ರೆ ಬೈತೀಯಾ ಅಂತ..."

"ನಾನು ಅಂಥ ರಾಕ್ಷಸೀನಾ?" ಅವಳ ಕಣ್ಣಲ್ಲಿ ನೀರು ತುಂಬಿತು. "ತುಂಬಾ ಹಾಳಾಗಿದ್ಯಂತಾ?"

"ಬೆಂಡಾಗಿದೆ. ಬದಲಾಯಿಸಲೇಬೇಕಂತೆ."

"ಬದಲಾಯಿಸೋದಾ!" ಅಂತ ಗೋಡೆ ಹಿಡಿದುಕೊಂಡಳು.

ಆಗ ನನಗೆ ಅರ್ಥವಾಯಿತು. ಸಾಚಾ ಮನುಷ್ಯನಾಗಿದ್ದರೆ ಅಲ್ಲೇ ಅಂಗಿ ಎತ್ತಿ ತೋರಿಸುತ್ತಿದ್ದ. ಆದರೆ ಅಷ್ಟರಲ್ಲಿ ಅವಳೇ ಬಗ್ಗಿ ನನ್ನ ಬೂಟು ಬಿಚ್ಚುತ್ತಿದ್ದಳು, ಬಿಸಿ ಬಿಸಿ ಕಾಫಿ ಬರುವ ಸೂಚನೆಯಿತ್ತು. ಹೊಸ್ತಿಲು ದಾಟಿದ ಪಾರ್ಟಿನ ವಿಷಯ ಎತ್ತುವುದಕ್ಕೆ ಅದು ಸೂಕ್ತ ಸಮಯವಲ್ಲ ಅನಿಸಿತು. ನಾಳೆ ಹೇಳಿದರಾಯಿತು ಅಂತ ಸುಮ್ಮನಾದೆ. ನನ್ನ ಜೀವನದ ಸಕಲ ಅನಾಹುತಗಳೂ ಈ "ನಾಳೆ ಹೇಳಿದರಾಯಿತು" ಎಂಬಲ್ಲಿಂದಲೇ ಹೊರಟಿವೆ.

ಹತ್ತು ನಿಮಿಷದಲ್ಲಿ ಕಾಂಪೌಂಡರು ಹಾಜರು. ಮೂವತ್ತು ವರ್ಷ ಹಲ್ಲಿನ ಡಾಕ್ಟರ ಬಳಿ ಇದ್ದವರು, ಬೆನ್ನಿನ ವಿಷಯದಲ್ಲಿ ಅವರದೇ ಕೊನೆಯ ಮಾತು.

"ಎಷ್ಟು ಅಂದ್ರು ಡಾಕ್ಟ್ರು? ನಂಬರು ಹೇಳಿರ್ತಾರಲ್ಲ?"

ನನ್ನ ಬಾಯಿಗೆ ಬಂದದ್ದು ಡಿಸ್ಕಿನ ಮಿಲಿಮೀಟರ್ ಸೈಜು. "ನೂರಾ ಅರವತ್ತು."

"ನೂರಾ ಅರವತ್ತಾ!" ಕಾಂಪೌಂಡರು ನನ್ನ ಹೆಂಡತಿಯತ್ತ ತಿರುಗಿದರು. "ಅಮ್ಮಾ, ಬಿಪಿನೂ ಇದೆ. ಉಪ್ಪು ನಿಲ್ಲಿಸಿ. ಹಾಸಿಗೆ ತೆಗೀರಿ, ಹಲಗೆ ಹಾಕಿ."

ಹೀಗೆ ನಾನು ಉಪ್ಪಿಲ್ಲದ ಸಾರು ಉಂಡು ಹಲಗೆಯ ಮೇಲೆ ಅಂಗಾತ ಮಲಗಿದೆ. ಸ್ನಾನದ ನೆಪದಲ್ಲಿ ಡಿಸ್ಕನ್ನು ಸೊಂಟದಿಂದ ಬಿಡಿಸಿ ಹಲಗೆಯ ಕೆಳಗೆ ತಳ್ಳಿದ್ದೊಂದೇ ಆ ದಿನದ ಸಾಧನೆ. ಮರುದಿನ ಹೆಂಡತಿ ರಜೆಯ ಅರ್ಜಿ ಬರೆದು ಕಚೇರಿಗೆ ಕಳಿಸಿದಳು: "ನನ್ನ ಪತಿಯವರ ಡಿಸ್ಕ್ ಹಾಳಾಗಿರುವುದರಿಂದ..." ಕಾಂಪೌಂಡರು ಅದರ ಕೆಳಗೆ "ನಿಜ" ಅಂತ ಬರೆದು ಸಹಿ ಹಾಕಿದರು. ದಿನಾ ಬೆಳಿಗ್ಗೆ ಅವಳು ನನಗೆ ಸಾಕ್ಸ್ ಹಾಕುತ್ತಿದ್ದಳು, ಸಂಜೆ ಬಿಚ್ಚುತ್ತಿದ್ದಳು. ಎಲ್ಲಿಗೂ ಹೋಗದವನಿಗೆ ಸಾಕ್ಸ್ ಯಾಕೆ ಅಂದರೆ, "ಶೀತ ಬೆನ್ನಿಗೇರುತ್ತಂತೆ" ಅಂದಳು. ಇಷ್ಟು ಪ್ರೀತಿಯ ಎದುರು ನಿಜ ಹೇಳುವುದು ದಿನದಿಂದ ದಿನಕ್ಕೆ ಕಷ್ಟವಾಯಿತು.

ಮೂರನೇ ದಿನ ಹೊರಗೆ ಟೆಂಪೋ ಸದ್ದಾಯಿತು. ಹೆಂಡತಿಯ ತಮ್ಮ. ಮನೆ ಸಾಮಾನು ಸಾಗಿಸುವ ಕಸುಬಿನವನು, ಕೇಳದೆಯೇ ಸಹಾಯ ಮಾಡುವುದರಲ್ಲಿ ಎತ್ತಿದ ಕೈ.

"ಭಾವ, ಆ ಸೈಕಲ್ಲೇ ನಿಮ್ಮನ್ನ ಹಾಳು ಮಾಡಿದ್ದು. ಅದು ಕಣ್ಣಮುಂದೆ ಇದ್ರೆ ನೀವು ಮತ್ತೆ ಹತ್ತುತೀರ. ಅಕ್ಕ ಹೇಳಿದ್ಳು, ತಗೊಂಡು ಹೋಗ್ತಿದೀನಿ. ಯಾರೋ ಕೇಳ್ತಿದ್ರು, ಅವರಿಗೆ ಕೊಟ್ಟುಬಿಡ್ತೀನಿ."

ನಾನು ಹಲಗೆಯಿಂದ ಅರ್ಧ ಎದ್ದೆ. "ಬೇಡ ಕಣೋ! ಅದನ್ನ ಯಾರೂ ಓಡಿಸಬಾರದು! ಡಿಸ್ಕ್ ಇಲ್ಲ ಕಣೋ, ಡಿಸ್ಕೇ ಇಲ್ಲ!"

ಅವನು ನನ್ನ ಭುಜ ಹಿಡಿದು ಮೆಲ್ಲಗೆ ಮಲಗಿಸಿದ. "ಗೊತ್ತು ಭಾವ. ಅಕ್ಕ ಎಲ್ಲಾ ಹೇಳಿದ್ಳು. ಧೈರ್ಯವಾಗಿರಿ."

ಟೆಂಪೋ ಹೋಯಿತು. ಅದರೊಳಗೆ ನನ್ನ ಪೆಡಲು, ಟೈರು, ಸೀಟು, ಕ್ಯಾಸೆಟ್ಟು ಎಲ್ಲ ಹೋದವು.

ಪರೀಕ್ಷೆಗೆ ಮೂರು ದಿನ ಮುಂಚೆ ಸಾಹೇಬರೇ ನನ್ನನ್ನು ನೋಡಲು ಬಂದರು. ಹಿಂದೆ ಛತ್ರಿ, ಅವರ ತಲೆಗೆ ಕೊಡೆ ಹಿಡಿದುಕೊಂಡು, ಮನೆಯೊಳಗೂ. ಇನ್ನು ಮುಚ್ಚಿಟ್ಟರೆ ಬೆಟ್ಟ ಕೈತಪ್ಪುತ್ತದೆ. ಬೈದರೆ ಬೈಯಲಿ ಅಂತ ಗಟ್ಟಿ ಮನಸ್ಸು ಮಾಡಿದೆ.

"ಸಾರ್, ನನಗೇನೂ ಆಗಿಲ್ಲ. ಆ ಡಿಸ್ಕು ಸೈಕಲ್ದು."

"ಗೊತ್ತಪ್ಪ," ಅಂದರು ಸಾಹೇಬರು. "ಈ ವಯಸ್ಸಲ್ಲಿ ಸೈಕಲ್ ಹೊಡೆದ್ರೆ ಇನ್ನೇನಾಗುತ್ತೆ?"

"ಅಲ್ಲ ಸಾರ್, ಡಿಸ್ಕು ಇಲ್ಲೇ ಇದೆ, ಹಲಗೆ ಕೆಳಗೆ. ತೋರಿಸ್ತೀನಿ..." ಅಂತ ಬಗ್ಗಲು ಹೋದೆ.

"ಬಗ್ಗಬೇಡಿ!" ಕಾಂಪೌಂಡರು ನನ್ನ ಎದೆಯ ಮೇಲೆ ಎರಡೂ ಕೈ ಊರಿದರು. ಹೆಂಡತಿ ಕಾಲು ಹಿಡಿದಳು. "ನೋಡಿದ್ರಾ ಸಾರ್, ಏನೇನೋ ಮಾತಾಡ್ತಿದಾರೆ" ಅಂತ ಅತ್ತಳು.

"ಡಾಕ್ಟ್ರನ್ನೇ ಕೇಳಿಬಿಡೋಣ" ಅಂದರು ಸಾಹೇಬರು. ಹೆಂಡತಿ ನನ್ನ ಫೋನು ತೆಗೆದು "ಡಾಕ್ಟ್ರು" ಎಂಬ ಹೆಸರು ಒತ್ತಿ, ಎಲ್ಲರಿಗೂ ಕೇಳುವಂತೆ ಸ್ಪೀಕರಿಗೆ ಹಾಕಿದಳು.

"ಡಾಕ್ಟ್ರೇ, ನೀರಿನ ಆಫೀಸಿನವರ ಡಿಸ್ಕಿನ ವಿಷಯ. ಪರಿಸ್ಥಿತಿ ಹೇಗಿದೆ?" ಅಂತ ಸಾಹೇಬರು ಕೇಳಿದರು.

"ಓ ಅದಾ?" ಹಿಂದಿನಿಂದ ಸುತ್ತಿಗೆಯ ಸದ್ದು ಬರುತ್ತಿತ್ತು. "ಡಿಸ್ಕ್ ಹೋಗೇ ಹೋಗಿದೆ. ಅದೊಂದೇ ಅಲ್ಲ, ಹೆಡ್‌ಸೆಟ್ಟೂ ಲೂಸು."

ಹೆಡ್‌ಸೆಟ್ಟೆಂದರೆ ಹ್ಯಾಂಡಲು ತಿರುಗುವ ಜಾಗದ ಬೇರಿಂಗು. ಆದರೆ ಎಲ್ಲರೂ ನನ್ನ ತಲೆ ನೋಡಿದರು.

"ತಲೆನಾ?" ಅಂದರು ಸಾಹೇಬರು.

"ಹೂಂ, ತಲೇನೇ. ಅಲ್ಲಾಡಿಸಿ ನೋಡಿ, ಟಕ್ ಟಕ್ ಅನ್ನುತ್ತೆ."

"ಬೆಟ್ಟ ಹತ್ತಬಹುದಾ?"

"ಹತ್ತಬಹುದು. ಇಳಿಯೋವಾಗ ನನ್ನನ್ನ ಕೇಳಬೇಡಿ."

"ಗುಣ ಆಗಲ್ವಾ ಹಾಗಾದ್ರೆ?"

"ಗ್ರೀಸ್ ತುಂಬಿ ನೋಡೋಣ. ಆಗಲಿಲ್ಲ ಅಂದ್ರೆ ಗುಜರಿಗೆ ಹಾಕಿ ಸಾರ್, ಬೇರೇದು ಒಳ್ಳೇದು ನೋಡಿಕೊಡ್ತೀನಿ."

ನನ್ನ ಹೆಂಡತಿ ಕುರ್ಚಿಯಲ್ಲಿ ಕುಸಿದಳು. ಛತ್ರಿ ಗೌರವದಿಂದ ಕೊಡೆ ಮಡಿಚಿದ.

ಸಾಹೇಬರು ನನ್ನ ಕೈ ಹಿಡಿದುಕೊಂಡು, ಗಲ್ಲದಲ್ಲೇ ಛತ್ರಿಯತ್ತ ತೋರಿಸಿದರು. "ಬೆಟ್ಟದ ಲೈನು ಇವರು ನೋಡ್ಕೊಳ್ತಾರೆ. ಸೋಮವಾರ ಪರೀಕ್ಷೆ ಒಂದು ಶಾಸ್ತ್ರಕ್ಕೆ ಆಗಲಿ. ನಿಮ್ಮ ಕಿಟಕಿ ನಿಮಗೇ ಇರುತ್ತೆ, ರಿಟೈರ್ ಆಗೋವರೆಗೂ. ಕುರ್ಚಿಗೆ ದಿಂಬು ಹಾಕಿಸ್ತೀನಿ."

ರಿಟೈರ್ ಆಗೋವರೆಗೂ! ಇನ್ನು ಹದಿನಾರು ವರ್ಷ ಬಾಯಿಗಳು. ಆವತ್ತು ನಾನು ನಿಜವಾಗಿಯೂ ಅತ್ತೆ. ಬೆನ್ನು ನೋವಿಗೆ ಅಂತ ಕಾಂಪೌಂಡರು ಬಿಸಿನೀರಿನ ಚೀಲ ತಂದರು.

ಸೋಮವಾರ ಹೆಂಡತಿಯೂ ಅವಳ ತಮ್ಮನೂ ನನ್ನನ್ನು ಟೆಂಪೋದಲ್ಲಿ ತಂದು, ಎರಡು ಕಡೆ ಹಿಡಿದು, ಕಿಟಕಿಯ ಹಿಂದೆ ದಿಂಬಿನ ಮೇಲೆ ಸ್ಥಾಪಿಸಿದರು. ತೂತಿನಲ್ಲಿ ಮೊದಲನೇ ಬಾಯಿ ಬಂತು. "ರೀ ಸ್ವಾಮಿ, ನಮ್ಮ ಬೀದಿಗೆ..." ಅಷ್ಟರಲ್ಲಿ ಆ ಬಾಯಿಯ ಹಿಂದೆ ಒಂದು ಹ್ಯಾಂಡಲು ಹಾದುಹೋಯಿತು. ಕೆಂಪು ಗ್ರಿಪ್ಪು. ಬಿಳಿ ದಾರದಲ್ಲಿ ಕಟ್ಟಿದ ಒಂದು ಕೊಡೆ.

ಭಾವಮೈದುನ ಕೊಟ್ಟುಬಿಟ್ಟ ಆ "ಯಾರೋ" ಛತ್ರಿ! ನನ್ನ ಸೈಕಲ್ಲಿನ ಮೇಲೆ ನನ್ನ ಬೆಟ್ಟಕ್ಕೆ ಹೊರಟಿದ್ದಾನೆ. ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ. ಆದರೆ ಮರುಕ್ಷಣ ಹೊಟ್ಟೆಯುರಿ ಇಂಗಿ ಹೋಯಿತು. ಆ ಸೈಕಲ್ಲಿಗೆ ಹಿಂದೆ ಬ್ರೇಕೇ ಇಲ್ಲ, ಮುಂದಿನದು ಇದ್ದೂ ಇಲ್ಲ. ಹತ್ತುವಾಗ ಗೊತ್ತಾಗುವುದಿಲ್ಲ. ಇಳಿಯುವಾಗ ಮೂರು ಕಿಲೋಮೀಟರು, ಏಳು ತಿರುವು, ಒಂದು ಕಡೆ ಪೈಪು, ಇನ್ನೊಂದು ಕಡೆ ಏನೂ ಇಲ್ಲ.

ದಿಂಬು ಹಾರಿತು. ನಾನು ಬಾಗಿಲಿಗೆ ನುಗ್ಗಿದೆ.

"ಡಿಸ್ಕ್ ಇಲ್ಲ! ಏ ನಿಲ್ಲೋ, ಡಿಸ್ಕ್ ಇಲ್ಲ!" ಅಂತ ಕೂಗುತ್ತಾ ಬೀದಿಯಲ್ಲಿ ಓಡಿದೆ. ಹಿಂದೆ ಹೆಂಡತಿ "ಅಯ್ಯೋ, ಯಾರಾದ್ರೂ ಹಿಡ್ಕೊಳ್ಳಿ, ಅವರಿಗೆ ಡಿಸ್ಕ್ ಇಲ್ಲ!" ಅಂತ ಓಡಿದಳು. ಅವಳ ಹಿಂದೆ ಟೆಂಪೋ. ಬೆಟ್ಟದ ಬುಡದಲ್ಲಿ ಜೀಪಿಗೆ ಒರಗಿ ನಿಂತಿದ್ದ ಸಾಹೇಬರು ನಾನು ಹಾದುಹೋದದ್ದನ್ನು ನೋಡಿ ಬಾಯಿಗಿಟ್ಟ ಬಿಸ್ಕತ್ತನ್ನು ಹಾಗೇ ಹಿಡಿದುಕೊಂಡು ನಿಂತರು.

ಎರಡನೇ ತಿರುವಿನಲ್ಲಿ ಛತ್ರಿ ಸಿಕ್ಕ. ಇಳಿದು, ಕೊಡೆ ಬಿಡಿಸಿ, ಸೈಕಲ್ಲು ತಳ್ಳುತ್ತಿದ್ದ. ನಿಲ್ಲು ಅನ್ನಬೇಕು, ಉಸಿರೇ ಇಲ್ಲ. "ಬ್... ಬ್..." ಅಂದೆ. ಅವನು ತಿರುಗಿ ನೋಡಿದ. ಹಲಗೆ ಹಿಡಿದಿದ್ದ ಪ್ರತಿಸ್ಪರ್ಧಿ ಅಂಗಿ ಬಿಚ್ಚಿಕೊಂಡು ಅಟ್ಟಿಸಿಕೊಂಡು ಬರುತ್ತಿದ್ದಾನೆ! ಅವನು ಕೊಡೆ ಎಸೆದು ಸೈಕಲ್ ಹತ್ತಿ ಎದ್ದು ನಿಂತು ತುಳಿಯತೊಡಗಿದ. ನನ್ನ ಕ್ಯಾಸೆಟ್ಟು ಎಷ್ಟು ಚೆನ್ನಾಗಿ ಎಳೆಯುತ್ತಿತ್ತು, ಹಾಳಾದ್ದು! ನಾನು ಹಿಂದೆ. ಅವನು ಸುಸ್ತಾಗಿ ಇಳಿದರೆ ನಾನು ಹತ್ತಿರ, ನಾನು ಹತ್ತಿರವಾದರೆ ಅವನು ಮತ್ತೆ ಹತ್ತಿ ದೂರ. ಹೀಗೇ ಏಳನೇ ತಿರುವಿನವರೆಗೆ ಎಳೆದಾಡಿದೆವು. ಅಲ್ಲಿ ಅವನ ಕಾಲು ಸೋತವು, ಸೈಕಲ್ಲಿನ ಸಮೇತ ಪೊದೆಗೆ ಒರಗಿದ. ನಾನು ನಿಲ್ಲಬೇಕೆಂದರೂ ಕಾಲು ನಿಲ್ಲಲಿಲ್ಲ, ನೇರ ಹೋಗಿ ಟ್ಯಾಂಕಿನ ಗೋಡೆಗೆ ಗುದ್ದಿ ನಿಂತೆ. ಅಲ್ಲಿನ ಕಾವಲುಗಾರ ರಿಜಿಸ್ಟರು ಮುಂದೆ ಹಿಡಿದ. ಹದಿನಾಲ್ಕು ವರ್ಷದ ಗುಮಾಸ್ತಿಕೆ, ರಿಜಿಸ್ಟರು ಕಂಡರೆ ಕೈ ಸುಮ್ಮನಿರುವುದಿಲ್ಲ. ಮೀಟರು ನೋಡಿ ಲೆಕ್ಕ ಬರೆದು ಸಹಿ ಹಾಕಿದೆ.

ಛತ್ರಿ ತೆವಳಿಕೊಂಡು ಬಂದ. ನಾನು ಹಿಂದಿನ ಚಕ್ರದತ್ತ ಬೆರಳು ತೋರಿಸಿದೆ. ಅವನು ಬ್ರೇಕು ಹಿಡಿದು ಚಕ್ರ ತಿರುಗಿಸಿದ. ಅದು ತಿರುಗುತ್ತಲೇ ಇತ್ತು. ಅವನು ಬಂದ ದಾರಿಯನ್ನು ಒಮ್ಮೆ ಇಣುಕಿ ನೋಡಿ ಅಲ್ಲೇ ಕೂತುಬಿಟ್ಟ.

"ಇದನ್ನ ಹೇಳೋಕೆ ಓಡಿ ಬಂದ್ಯಾ? ನೀನು ರೇಸಿಗೆ ಬಿದ್ದೆ ಅಂದ್ಕೊಂಡೆ."

"ಕೊನೇ ತಿರುವಲ್ಲಿ," ಅಂದೆ, "ನಾನೂ ಹಾಗೇ ಅಂದ್ಕೊಂಡೆ."

ಇಬ್ಬರೂ ಸೈಕಲ್ಲು ತಳ್ಳಿಕೊಂಡು ಇಳಿದೆವು. ಬುಡದಲ್ಲಿ ಸಾಹೇಬರು, ಟೆಂಪೋ, ಹೆಂಡತಿ. ಅವಳು ನನ್ನ ಬೆನ್ನು ನೋಡಿದಳು, ಸೈಕಲ್ಲಿನ ಬೋಳು ಚಕ್ರ ನೋಡಿದಳು. ಅವಳಿಗೆ ಗೊತ್ತಾಯಿತು. ಹೆಂಡತಿಯರಿಗೆ ಗೊತ್ತಾಗುವುದು ಹಾಗೇ, ಒಂದೇ ಸಲಕ್ಕೆ.

"ಎಂಟು ದಿನ," ಅಂದಳು. "ಎಂಟು ದಿನ ನಿಮಗೆ ಸಾಕ್ಸ್ ಹಾಕಿದೀನಿ."

"ಹೌದು ಕಣೇ."

"ಯಾಕ್ರೀ ಹೀಗೆ ಮಾಡಿದ್ರಿ?"

"ನನಗೆ ಆ ಕಿಟಕಿ ಸಾಕಾಗಿದೆ ಕಣೇ," ಅಂದೆ. ಅಷ್ಟು ಜನರ ಮುಂದೆಯೇ ಅಂದುಬಿಟ್ಟೆ. "ದಿನಾ ಬೈಸಿಕೊಂಡು ಮನೆಗೆ ಬರ್ತೀನಿ. ಅಲ್ಲಿ ಇನ್ನೊಂದು ವರ್ಷ ಕೂತರೆ ನಾನು ಮನುಷ್ಯನಾಗಿ ಉಳಿಯಲ್ಲ. ಬೆಟ್ಟ ಸಿಕ್ಕಮೇಲೆ ನಿನಗೆ ಹೇಳೋಣ ಅಂತಿದ್ದೆ."

ಅವಳು ಸೆರಗಿನಿಂದ ನನ್ನ ಮುಖ ಒರೆಸಿದಳು, ಸ್ವಲ್ಪ ಜೋರಾಗಿಯೇ. "ಇದೊಂದು ಮಾತು ಬಾಯಿಬಿಟ್ಟು ಹೇಳೋಕೆ ಇಷ್ಟೆಲ್ಲಾ ನಾಟಕ ಬೇಕಿತ್ತಾ? ಮನೆಗೆ ಬನ್ನಿ, ಇದೆ ನಿಮಗೆ."

ಸಾಹೇಬರು ಛತ್ರಿಯನ್ನು ಕೇಳಿದರು. "ರಿಜಿಸ್ಟರಲ್ಲಿ ಮೊದಲು ಬರೆದಿದ್ದು ಯಾರು?" ಛತ್ರಿಗೆ ಸುಳ್ಳು ಹೇಳುವ ಅಭ್ಯಾಸ ಚೆನ್ನಾಗಿಯೇ ಇದೆ. ಆದರೂ ಅವನು ನನ್ನನ್ನು ತೋರಿಸಿದ.

ಎರಡು ದಿನದಲ್ಲಿ ಆದೇಶ ಬಂತು. ನಿಂತಲ್ಲೇ ಓದಿದೆ: "ಸದರಿ ನೌಕರರನ್ನು ಬೆಟ್ಟದ ಲೈನಿನ ತಪಾಸಣೆಗೆ ನೇಮಿಸಲಾಗಿದೆ. ಆದರೆ ಸದರಿಯವರಿಗೆ ಡಿಸ್ಕ್ ತೊಂದರೆ ಇರುವುದು ಕಡತದಿಂದ ಕಂಡುಬಂದಿರುವುದರಿಂದ, ಕರ್ತವ್ಯದ ಅವಧಿಯಲ್ಲಿ ಸೈಕಲ್ ಬಳಸತಕ್ಕದ್ದಲ್ಲ. ಪ್ರತಿದಿನ ಕಾಲ್ನಡಿಗೆಯಲ್ಲಿಯೇ ಹೋಗಿಬರತಕ್ಕದ್ದು."

ಕಾಗದ ಹಿಡಿದುಕೊಂಡು ಸಾಹೇಬರ ಕೋಣೆಗೆ ನುಗ್ಗಿದೆ. "ಸಾರ್, ನನಗೆ ಡಿಸ್ಕ್ ತೊಂದರೆ ಇಲ್ಲ ಅಂತ ನಿಮಗೆ ಗೊತ್ತಲ್ಲ? ನೀವೇ ಕಣ್ಣಾರೆ ನೋಡಿದ್ರಲ್ಲ?"

"ನನಗೆ ಗೊತ್ತು ಕಣ್ರೀ," ಅಂದರು ಸಾಹೇಬರು, ಕಾಗದ ವಾಪಸು ಕೊಡುತ್ತಾ. "ಫೈಲಿಗೆ ಗೊತ್ತಿಲ್ಲವಲ್ಲ. ನಾಳೆ ಬೆಳಿಗ್ಗೆ ಏಳಕ್ಕೆ ಹೊರಡಿ. ನಡ್ಕೊಂಡು."